ಸ್ಟೇಷನ್ ರಸ್ತೆಯ ಹನ್ನೊಂದು ಗಂಟೆ

ನಮ್ಮೂರಿನವರಿಗೆ ದಿನಕ್ಕೆ ಇಪ್ಪತ್ತಮೂರೇ ಗಂಟೆ. ಉಳಿದದ್ದೊಂದು ಬಿದ್ದುಹೋಗುತ್ತದೆ. ಒಂದೊಂದು ಬೀದಿಗೆ ಒಂದೊಂದು ಗಂಟೆ. ಇವತ್ತು ಬೆಳಿಗ್ಗೆ ಏಳರದ್ದಾದರೆ ನಾಳೆ ಮಧ್ಯಾಹ್ನ ಮೂರರದ್ದು. ಆ ಹೊತ್ತಿನಲ್ಲಿ ಬೀದಿಯವರು ಎಂದಿನಂತೆಯೇ ಇರುತ್ತಾರೆ. ಉಣ್ಣುತ್ತಾರೆ, ಚೌಕಾಸಿ ಮಾಡುತ್ತಾರೆ, ಜಗಳ ಕಾಯುತ್ತಾರೆ. ಗಂಟೆ ಮುಗಿದ ಮೇಲೆ ಅದರಲ್ಲಿ ನಡೆದದ್ದು ಯಾರಿಗೂ ನೆನಪಿರುವುದಿಲ್ಲ, ಅಷ್ಟೆ. ನಡುವೆ ಬೀದಿಯ ಗಡಿ ದಾಟಿ ಆಚೆ ಹೋದವರಿಗೂ ದಾಟಿದ ಮೇಲಿನದು ಮಾತ್ರ ನೆನಪು. ಬರೆದಿಟ್ಟುಕೊಳ್ಳೋಣ ಎಂದರೆ, ಆ ಗಂಟೆಯಲ್ಲಿ ಬರೆದದ್ದು ಆಮೇಲೆ ನೋಡಿದರೆ ಬರೀ ಕಾಗೆಕಾಲು ಗುಬ್ಬಿಕಾಲು.

ಇದರಿಂದ ನಮಗೆ ಅಂಥ ತೊಂದರೆಯೇನೂ ಆಗಿಲ್ಲ. ಹಲ್ಲಿನ ಡಾಕ್ಟರ್ ವಹಾಬ್ ಸಾಹೇಬರು ತಮ್ಮ ಬೀದಿಯ ಗಂಟೆ ಬೀಳುವ ಹೊತ್ತಿಗೇ ಹಲ್ಲು ಕೀಳುತ್ತಾರೆ. ಕೀಳಿಸಿಕೊಂಡವರು ಕಿರುಚಿದ್ದು ನೆನಪಿಲ್ಲದೆ ನಗುನಗುತ್ತಾ ಮನೆಗೆ ಹೋಗುತ್ತಾರೆ. ಅತ್ತೆ ಸೊಸೆಯರು ಜಗಳವನ್ನು ಆ ಗಂಟೆಗೆಂದೇ ಎತ್ತಿಟ್ಟುಕೊಳ್ಳುವುದುಂಟು. ಶಾಲೆಯಲ್ಲಿ ಆ ಪೀರಿಯಡ್ಡಿಗೆ ಆಟ. ಪಾಠ ಮಾಡಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಮದುವೆ, ನಾಮಕರಣ, ಮೊಮ್ಮಗುವನ್ನು ಮೊದಲ ಸಲ ಎತ್ತಿಕೊಳ್ಳುವುದು, ಇಂಥವನ್ನೆಲ್ಲ ಬೇರೆ ಹೊತ್ತಿಗೆ ಇಟ್ಟುಕೊಳ್ಳುತ್ತೇವೆ. ಎಲ್ಲರೂ ಪಾಲಿಸಲೇಬೇಕಾದ ಮರ್ಯಾದೆ ಒಂದಿದೆ. ಪಕ್ಕದ ಬೀದಿಯಲ್ಲಿ ನಿಂತವರಿಗೆ ಇಲ್ಲಿ ನಡೆಯುವುದೆಲ್ಲ ಕಾಣುತ್ತದೆ, ಅವರಿಗೆ ನೆನಪೂ ಇರುತ್ತದೆ. ಆದರೆ ಕಂಡದ್ದನ್ನು ಅವರು ಯಾರಿಗೂ ಹೇಳುವ ಹಾಗಿಲ್ಲ. ಹೇಳಿದವರ ಮನೆಯಲ್ಲಿ ನೀರೂ ಕುಡಿಯುವುದಿಲ್ಲ ನಮ್ಮ ಜನ.

ಯಾವ ಬೀದಿಗೆ ಯಾವ ದಿನ ಯಾವ ಗಂಟೆ ಎಂಬ ಪಟ್ಟಿಯನ್ನು ವಾರಕ್ಕೊಮ್ಮೆ ಮುದ್ರಿಸಿ, ನಲವತ್ತೊಂದು ಬೀದಿಗಳ ಮೂಲೆಯಲ್ಲಿ ಅಂಟಿಸುವುದು ಪುರಸಭೆಯ ವೇಳಾ ವಿಭಾಗದ ಕೆಲಸ. ವೇಳಾ ವಿಭಾಗವೆಂದರೆ ನಾನೊಬ್ಬಳೇ. ಹೆಸರು ಮಂದಾಕಿನಿ, ಊರಿಗೆಲ್ಲ ಪಟ್ಟಿ ಮಂದಕ್ಕ. ಇಪ್ಪತ್ತಾರು ವರ್ಷದಲ್ಲಿ ನನ್ನ ಪಟ್ಟಿ ಒಂದು ಸಲವೂ ತಪ್ಪಿರಲಿಲ್ಲ. ಆ ಜಂಬ ನನಗೆ ಸ್ವಲ್ಪ ಇತ್ತು. ಇತ್ತು ಏಕೆ, ಈಗಲೂ ಇದೆ.

ಪಟ್ಟಿ ತಯಾರಿಸುವ ಪ್ರೋಗ್ರಾಮನ್ನು ಬರೆದವರು ರುಕ್ಮಾಂಗದ ಮೇಷ್ಟ್ರು, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. ಮೊದಲೆಲ್ಲ ಕೈಯಲ್ಲೇ ಲೆಕ್ಕ ಹಾಕಿ ಕೊಡುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಪುರಸಭೆಗೆ ಕಂಪ್ಯೂಟರ್ ಬಂದಾಗ, ನಿವೃತ್ತರಾದ ಮೇಲೆ, ಹಟ ಹಿಡಿದು ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿತರು. ಆಗ ಚಾಲ್ತಿಯಲ್ಲಿದ್ದದ್ದು ಆ ಭಾಷೆಯ ಎರಡನೇ ಆವೃತ್ತಿ. ಅದರಲ್ಲಿ ಬರೆದುಕೊಟ್ಟು, "ಇನ್ನು ನನ್ನ ತಲೆ ತಿನ್ಬೇಡಮ್ಮ" ಅಂದು ಮನೆಗೆ ಹೋದವರು ಮತ್ತೆ ಕಚೇರಿಯ ಮೆಟ್ಟಿಲು ಹತ್ತಿರಲಿಲ್ಲ. ಹತ್ತುವ ಕಾರಣವನ್ನೂ ಆ ಪ್ರೋಗ್ರಾಮು ಕೊಟ್ಟಿರಲಿಲ್ಲ.

ಈ ವರ್ಷ ಮೇಲಿನ ಕಚೇರಿಯಿಂದ ವಿರೂಪಾಕ್ಷ ಎಂಬ ಎಂಜಿನಿಯರ್ ಬಂದರು. ಐವತ್ತು ದಾಟಿದ, ಬಹಳ ಮೆದು ಮಾತಿನ ಮನುಷ್ಯ. ಹಳೆಯ ಕಂಪ್ಯೂಟರನ್ನು ಗುಜರಿಗೆ ಕಳಿಸಿ ಹೊಸದನ್ನು ತಂದಿಟ್ಟರು. ಹೊಸದರಲ್ಲಿ ಆ ಭಾಷೆಯ ಮೂರನೇ ಆವೃತ್ತಿ ಹಾಕಿದರು. "ಎರಡನೇದಕ್ಕೆ ಈಗ ದಿಕ್ಕು ದೆಸೆ ಇಲ್ಲ ಮೇಡಂ, ಅದನ್ನ ಮಾಡಿದವ್ರೇ ಕೈಬಿಟ್ಟಿದ್ದಾರೆ" ಅಂದರು. ಮೇಷ್ಟ್ರ ಪ್ರೋಗ್ರಾಮು ಮೊದಲು ಓಡಲಿಲ್ಲ. ಮುದ್ರಿಸು ಎಂದು ಹೇಳುವ ಸಾಲುಗಳನ್ನೆಲ್ಲ ಹೊಸ ರೀತಿಯಲ್ಲಿ ಬರೆಯಬೇಕಂತೆ, ಬರೆದರು. ಆಮೇಲೆ ಓಡಿತು. ಕೆಲವು ಬೀದಿಗಳ ಮುಂದೆ ಹನ್ನೊಂದೂವರೆ, ಎರಡೂವರೆ ಎಂದು ಬಂತು. ಗಂಟೆಯೆಂದ ಮೇಲೆ ಅರ್ಧ ಏಕೆ ಎಂದು ಅವರು ಅವನ್ನೆಲ್ಲ ಮುಂದಿನ ಗಂಟೆಗೆ ಸರಿಮಾಡಿ ಕೊಟ್ಟರು. ಪಟ್ಟಿ ಹಿಂದೆಂದಿಗಿಂತ ಚೆಂದಾಗಿ ಮುದ್ರಣವಾಯಿತು. ನಾನು ಖುಷಿಯಿಂದಲೇ ಅಂಟಿಸಿದೆ.

ಅವತ್ತು ಶುಕ್ರವಾರ. ಅದೇ ದಿನ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಸ್ಟ್ಯಾಂಡ್ ನಡೆಸುವ ದೇವೀರಮ್ಮ ಕಚೇರಿಗೆ ಬಂದರು. ಸೈಕಲ್ ಎತ್ತಿ ಎತ್ತಿ ಗಟ್ಟಿಯಾದ ತೋಳು, ಗಟ್ಟಿ ದನಿ. ಕೈಯಲ್ಲಿ ಒಂದು ಕಾರ್ಡು. ತಂಗಿ ಚೆಲುವಮ್ಮ ಬರೆದದ್ದು. ಕಾಲು ಮುರಿದು ಪಟ್ಟು ಹಾಕಿದ್ದಾರೆ, ದೂರದೂರಿನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇನೆ, ಬುಧವಾರ ಹತ್ತೂಮುಕ್ಕಾಲಕ್ಕೆ ನಿಮ್ಮೂರಿನಲ್ಲಿ ರೈಲು ನಿಲ್ಲುತ್ತದೆ, ಎಂಜಿನ್ ಬದಲಾಯಿಸಲು ನಲವತ್ತು ನಿಮಿಷ ಬೇಕಂತೆ, ಹೆಂಗಸರ ಡಬ್ಬಿಯಲ್ಲಿರುತ್ತೇನೆ, ಬರುವುದಾದರೆ ಬಾ. ಇಷ್ಟೇ.

"ಬುಧವಾರ ನಮ್ ರಸ್ತೆಗೆ ಯಾವ ಗಂಟೆ ಮಂದಕ್ಕ?" ಅಂದರು. ನೋಡಿ ಹೇಳಿದೆ, ಹನ್ನೆರಡರಿಂದ ಒಂದು. ಅವರು ಉಸಿರುಬಿಟ್ಟು ಅಲ್ಲೇ ಬೆಂಚಿನ ಮೇಲೆ ಕುಳಿತರು.

"ಇಪ್ಪತ್ತೆಂಟು ವರ್ಷ ಆಯ್ತು ನೋಡಿ," ಅಂದರು. "ಅವಳು ಯಾರನ್ನೋ ಇಷ್ಟಪಟ್ಟು ಹೊರಟ್ಲು. ಹೋಗೋ ದಿನ ನಂಗೆ ಹೇಳಿ ಹೋಗ್ಬೇಕು ಅಂತ ಬಂದ್ಲು. ನನ್ ಎದೆ ಗಟ್ಟಿ ಇರ್ಲಿಲ್ಲ ಕಣಕ್ಕ. ಅಳೋದು, ಬೈಯೋದು, ಕಾಲು ಹಿಡಿಯೋದು, ಇದೆಲ್ಲ ನೆನಪಲ್ಲಿ ಇಟ್ಕೊಂಡು ಹೆಂಗೆ ಬಾಳೋದು ಅಂತ, ಬೇಕು ಅಂತ್ಲೇ ಗಂಟೆ ಬೀಳೋ ಹೊತ್ತಿಗೆ ಬಾ ಅಂದೆ. ಅವಳು ಬಂದ್ಲು. ಗಂಟೆ ಮುಗಿದಾಗ ನಾನೊಬ್ಳೇ ಇದ್ದೆ. ನೆಲದ ಮೇಲೆ ಬಳೆ ಚೂರು. ನನ್ ಅಂಗೈ ಕೆಂಪಗಾಗಿ ಉರೀತಿತ್ತು." ಬಲಗೈ ಬಿಚ್ಚಿ ತೋರಿಸಿದರು, ಈಗಲೂ ಅಲ್ಲಿ ಏನೋ ಇದೆ ಎಂಬಂತೆ. "ಹೊಡೆದಿದ್ದೀನಿ. ಹೊರಟು ನಿಂತ ತಂಗೀನ ಹೊಡೆದು ಕಳಿಸಿದ್ದೀನಿ. ಆಮೇಲೆ ಅವಳೂ ಬರೀಲಿಲ್ಲ, ನಾನೂ ಬರೀಲಿಲ್ಲ. ಈ ಸಲ ನೆನಪಿರೋ ಹೊತ್ತಲ್ಲಿ ತಪ್ಪಾಯ್ತು ಅನ್ಬೇಕು. ಅವಳು ಬೈದ್ರೂ ಅದು ನಂಗೆ ನೆನಪಿರ್ಬೇಕು."

"ನಿಶ್ಚಿಂತೆಯಾಗಿ ಹೋಗಿ ದೇವೀರಮ್ಮ, ನನ್ನ ಪಟ್ಟಿ ತಪ್ಪಲ್ಲ" ಅಂದೆ. ಆ ಮಾತು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಶನಿವಾರ ಬೆಳಿಗ್ಗೆ ವಹಾಬ್ ಡಾಕ್ಟರು ಅಂಚೆ ಗುಮಾಸ್ತರ ದವಡೆ ಹಲ್ಲು ಕಿತ್ತರು. ಗುಮಾಸ್ತರು ಕಿರುಚಿದ್ದು ಮೂರು ಬೀದಿಗೆ ಕೇಳಿತು, ಮತ್ತು ಅವರಿಗೆ ಎಲ್ಲವೂ ಚೆನ್ನಾಗಿ ನೆನಪಿತ್ತು. ನನ್ನ ಪ್ರಕಾರ ಆ ಬೀದಿಗೆ ಹತ್ತರ ಗಂಟೆ ಬೀಳಬೇಕಿತ್ತು. ಅದು ಒಂಬತ್ತಕ್ಕೇ ಬಿದ್ದು ಮುಗಿದಿತ್ತು. ಭಾನುವಾರ ಬಡಗಿ ಬೀದಿಯ ಮದುವೆಯಲ್ಲಿ ಇನ್ನೂ ದೊಡ್ಡ ಅನಾಹುತ. ಹನ್ನೆರಡಕ್ಕೆ ಬೀಳುತ್ತದೆಂದು ಹನ್ನೊಂದೂಕಾಲಿಗೆ ತಾಳಿ ಕಟ್ಟಿಸಿದ್ದರು. ಗಂಟೆ ಹನ್ನೊಂದಕ್ಕೇ ಬಿದ್ದಿತ್ತು. ಹನ್ನೆರಡಕ್ಕೆ ನೋಡಿಕೊಂಡರೆ ಮದುಮಗಳ ಕೊರಳಲ್ಲಿ ತಾಳಿ ಇದೆ, ಕಟ್ಟಿಸಿಕೊಂಡದ್ದು ನೆನಪಿಲ್ಲ. ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. ಊಟವಾಯಿತೋ ಇಲ್ಲವೋ ತಿಳಿಯದ ನೆಂಟರು ಇನ್ನೊಂದು ಸಲ ಪಂಕ್ತಿಯಲ್ಲಿ ಕುಳಿತರು. ತಾಳಿಯನ್ನು ಬಿಚ್ಚಿ ಮತ್ತೆ ಕಟ್ಟಿಸಿದರಾದರೂ, ಹುಡುಗಿಯ ತಾಯಿ ಕಚೇರಿಗೆ ಬಂದು ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ.

ಅಲ್ಲಿಂದ ನೆಟ್ಟಗೆ ಮೇಷ್ಟ್ರ ಮನೆಗೆ ಹೋದೆ. ಎಂಬತ್ತಾಗಿದೆ, ಕಣ್ಣು ಮಂಜು, ಆದರೆ ಬುದ್ಧಿ ಇನ್ನೂ ಕತ್ತಿಯ ಅಲಗು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಏಳನ್ನ ಎರಡರಿಂದ ಭಾಗಿಸಿದ್ರೆ ಎಷ್ಟಮ್ಮ?" ಅಂದರು.

"ಮೂರೂವರೆ ಸಾರ್."

"ಎರಡನೇ ಆವೃತ್ತಿಗೆ ಮೂರು. ಮಿಕ್ಕ ಅರ್ಧಾನ ಅದು ಬಿಟ್ಬಿಡತ್ತೆ. ಅದು ಬಿಡತ್ತೆ ಅಂತ ತಿಳ್ಕೊಂಡೇ ನಾನು ಬರೆದದ್ದು. ಮೂರನೇದು ಬಹಳ ಪ್ರಾಮಾಣಿಕ, ಅರ್ಧಾನೂ ಕೈಲಿಡತ್ತೆ. ನಿಮ್ಮ ಎಂಜಿನಿಯರು ಅದನ್ನ ಪೂರ್ತಿ ಮಾಡಿದ್ದಾರೆ. ಅಲ್ಲಿಗೆ ಒಂದು ಗಂಟೆ ಮುಂದೆ ಹೋಯ್ತು."

"ಪ್ರೋಗ್ರಾಮನ್ನೇ ತಿದ್ದಿಬಿಟ್ರೆ?"

"ಇನ್ನೂರಾ ಹದಿನಾಲ್ಕು ಕಡೆ ಭಾಗಾಕಾರ ಇದೆ ಮಂದಾಕಿನಿ. ಕೆಲವು ಕಡೆ ಅರ್ಧ ಬೇಕು, ಕೆಲವು ಕಡೆ ಬೇಡ. ಎಲ್ಲಿ ಬೇಕು ಅಂತ ಆಗ ಗೊತ್ತಿತ್ತು." ನಾಚಿಕೆಯಿಂದ ಎಂಬಂತೆ ಹೇಳಿದರು: "ಈಗ ಗೊತ್ತಿಲ್ಲಮ್ಮ. ಬುಧವಾರದೊಳಗೆ ಆಗೋ ಕೆಲಸ ಅಲ್ಲ. ಹಳೇ ಆವೃತ್ತೀನೇ ಮತ್ತೆ ಹಾಕು."

ಹಾಕು ಅನ್ನುವುದು ಸುಲಭ. ಇಂಟರ್ನೆಟ್ಟಿನಲ್ಲಿ ಹಳೆಯದನ್ನು ಇಳಿಸಿಕೊಳ್ಳಲು ಹೋದರೆ, ಅಪಾಯ ಅಪಾಯ ಎಂದು ಕಚೇರಿಯ ಕಂಪ್ಯೂಟರು ಬಾಗಿಲನ್ನೇ ತೆರೆಯಲಿಲ್ಲ. ಮೇಷ್ಟ್ರ ಹತ್ತಿರ ಸಿ.ಡಿ. ಇತ್ತು; ಇತ್ತೆಂದರೆ, ಹಿತ್ತಿಲಿನ ಸೀಬೆಮರದಲ್ಲಿತ್ತು. ಗಿಳಿಗಳು ಹಣ್ಣು ಕುಕ್ಕದಿರಲಿ ಎಂದು ಸೊಸೆ ಶ್ಯಾಮಲಾ ಮನೆಯಲ್ಲಿದ್ದ ಸಿ.ಡಿ.ಗಳನ್ನೆಲ್ಲ ದಾರ ಕಟ್ಟಿ ತೂಗುಬಿಟ್ಟಿದ್ದಳು. ಅವಳೂ ನಾನೂ ಸ್ಟೂಲು ಹಾಕಿಕೊಂಡು ಒಂಬತ್ತನ್ನು ಇಳಿಸಿದೆವು. "ಗಿಳಿ ಇದಕ್ಕೆಲ್ಲ ಹೆದರ್ತಿರ್ಲಿಲ್ಲ ಬಿಡಿ ಅಕ್ಕ, ಮುಖ ನೋಡ್ಕೊಂಡು ಕೂತಿರ್ತಿದ್ವು" ಅಂದಳು ಶ್ಯಾಮಲಾ. ಹೊಸ ಕಂಪ್ಯೂಟರಿಗೆ ಸಿ.ಡಿ. ಹಾಕುವ ಬಾಯಿಯೇ ಇರಲಿಲ್ಲ. ಫೋಟೋ ಸ್ಟುಡಿಯೋದಿಂದ ಸಿ.ಡಿ. ಓದುವ ಬೇರೆ ಡ್ರೈವ್ ಕೇಳಿ ತಂದೆ. ನಾಲ್ಕು ಸಿ.ಡಿ. ತಿರುಗಲೇ ಇಲ್ಲ, ಮೂರರಲ್ಲಿ ಭಜನೆ, ಒಂದರಲ್ಲಿ ಯಾರದೋ ಸೀಮಂತ. ಒಂಬತ್ತನೆಯದನ್ನು ಸೀಗೆಪುಡಿ ಹಾಕಿ ತೊಳೆದು, ಸೆರಗಿನಲ್ಲಿ ಒರೆಸಿ ಹಾಕಿದೆ. ಗೊರಗೊರ ಅಂದು ತೆರೆದುಕೊಂಡಿತು.

ಅಲ್ಲಿಗೂ ಮುಗಿಯಲಿಲ್ಲ. ವಿರೂಪಾಕ್ಷರು ಫೋನಿನಲ್ಲಿದ್ದರು, ಪಾಪ, ತಮ್ಮಿಂದ ತಪ್ಪಾಯಿತೆಂದು ತಿಳಿದ ಮೇಲೆ ಊಟಕ್ಕೂ ಎದ್ದಿರಲಿಲ್ಲ. "ಹೊಸದನ್ನ ತೆಗೀಬೇಡಿ ಮೇಡಂ, ಬೇರೆ ಕೆಲ್ಸಗಳು ಅದ್ರ ಮೇಲೇ ನಿಂತಿವೆ. ಎರಡೂ ಇರ್ಲಿ." ಒಂದೇ ಮನೆಯಲ್ಲಿ ಓರಗಿತ್ತಿಯರಂತೆ ಎರಡನ್ನೂ ಇಟ್ಟುಕೊಂಡೆವು. ಆದರೆ ಹೆಸರು ಎರಡಕ್ಕೂ ಒಂದೇ. ಕರೆದಾಗಲೆಲ್ಲ ಹೊಸದೇ ಓ ಎನ್ನುತ್ತಿತ್ತು. ಕಡೆಗೆ ಹಳೆಯದು ಯಾವ ಫೋಲ್ಡರಿನಲ್ಲಿದೆಯೋ ಅದರ ಪೂರ್ತಿ ವಿಳಾಸ ಬರೆದು ಕರೆದ ಮೇಲೆ ಅದು ಎದ್ದು ಬಂತು. ವಿರೂಪಾಕ್ಷರು ತಿದ್ದುವ ಮೊದಲಿನ ಪ್ರತಿಯನ್ನು ಜೋಪಾನವಾಗಿ ಇಟ್ಟಿದ್ದರು. ಅದನ್ನು ಓಡಿಸಿದೆ. ಮೊದಲು ಶನಿವಾರ, ಭಾನುವಾರದ ಪಟ್ಟಿ ತೆಗೆದು ನೋಡಿದೆ. ಹಲ್ಲಿಗೆ ಒಂಬತ್ತು, ತಾಳಿಗೆ ಹನ್ನೊಂದು. ಸರಿಯಾಗಿತ್ತು. ಆ ಕ್ಷಣ ಆ ಕಂಪ್ಯೂಟರಿನ ತಲೆ ಸವರಿದೆ, ಸುಳ್ಳೇಕೆ ಹೇಳಲಿ.

ಆಮೇಲೆ ಬುಧವಾರದ್ದು ತೆಗೆದೆ. ಸ್ಟೇಷನ್ ರಸ್ತೆಗೆ ಹನ್ನೊಂದರಿಂದ ಹನ್ನೆರಡು.

ಸರಿಯಾದ ಪಟ್ಟಿಯನ್ನು ಎಲ್ಲ ಬೀದಿಗೂ ಅಂಟಿಸಿ, ಸೈಕಲ್ ಸ್ಟ್ಯಾಂಡಿಗೆ ಹೋಗಿ ಹೇಳಿದೆ. ದೇವೀರಮ್ಮ ಸಮಾಧಾನವಾಗಿ ಬೆರಳು ಮಡಚಿ ಎಣಿಸಿದರು. "ಹತ್ತೂಮುಕ್ಕಾಲಕ್ಕೆ ಬರತ್ತೆ. ಹನ್ನೊಂದರ ತನಕ ಕಾಲು ಗಂಟೆ. ತಪ್ಪಾಯ್ತು ಅನ್ನೋಕೆ ಅಷ್ಟು ಬೇಕಾ? ಮೊದ್ಲು ಅದನ್ನೇ ಅಂತೀನಿ. ನೀವು ಹೇಳ್ದೇ ಇದ್ದಿದ್ರೆ, ಹೆಂಗಿದೀಯಾ, ಮಕ್ಕಳೆಷ್ಟು ಅಂತ ಶುರು ಮಾಡಿ, ಆ ಮಾತು ಬರೋ ಹೊತ್ತಿಗೆ ಗಂಟೆ ಬಿದ್ದಿರೋದು."

"ರೈಲು ಹತ್ಕೊಂಡು ಜೊತೇಲೇ ಸ್ವಲ್ಪ ದೂರ ಹೋಗಿಬನ್ನಿ" ಅಂದೆ.

"ಆ ರೈಲು ಮುಂದೆ ನಿಲ್ಲೋದು ಮಾರನೇ ದಿನ ಬೆಳಿಗ್ಗೆ. ಮಲಗಿದಲ್ಲೇ ಇರೋ ಅತ್ತೆಗೆ ಗಂಜಿ ಯಾರು ಕುಡಿಸ್ತಾರೆ?" ಅಂದು, ದನಿ ತಗ್ಗಿಸಿದರು. "ಮಂದಕ್ಕ, ಒಂದು ಮಾತು. ಸ್ಟೇಷನ್ನಿನ ಆ ತುದೀಲಿ ಮೇಲ್ಸೇತುವೆ ಇದೆಯಲ್ಲ, ಅದು ಕುಂಬಾರ ಕೇರಿಗೆ ಸೇರಿದ್ದು. ಹೆಂಗಸರ ಡಬ್ಬಿ ಅದರ ಹತ್ರಾನೇ ನಿಲ್ಲೋದು. ನೀವು ಅಲ್ಲಿ ನಿಂತಿರ್ತೀರಾ? ಹನ್ನೊಂದಾದ ಮೇಲಿಂದು ನೋಡಿ ನಂಗೆ ಹೇಳ್ತೀರಾ?"

ಯಾರೋ ಕೇಳಬಾರದ್ದನ್ನು ಕೇಳಿದರೆ ಕಿವಿ ಬಿಸಿಯಾಗುತ್ತದಲ್ಲ, ಹಾಗಾಯಿತು. ಪಟ್ಟಿ ಅಂಟಿಸುವವಳೇ ಬಿದ್ದ ಗಂಟೆಯನ್ನು ಕದ್ದು ನೋಡಿ ಬಾಯಿಬಿಟ್ಟಳೆಂದರೆ ಊರಿನಲ್ಲಿ ತಲೆಯೆತ್ತಿ ತಿರುಗಲಾಗುತ್ತದೆಯೇ? "ಅದೊಂದು ಬೇಡ ದೇವೀರಮ್ಮ" ಅಂದೆ. ಅವರು ಒತ್ತಾಯಿಸಲಿಲ್ಲ. "ಹೌದು ಬಿಡಿ, ತಪ್ಪು" ಅಂದು ಸೈಕಲ್ಲುಗಳ ಕಡೆ ತಿರುಗಿದರು.

ಬುಧವಾರ ಹತ್ತೂವರೆಗೆ ನಾನು ಮೇಲ್ಸೇತುವೆಯ ಮೇಲಿದ್ದೆ. ಏಕೆ ಹೋದೆ ಎಂದು ಕೇಳಬೇಡಿ, ಮನೆಯಲ್ಲಿ ಕೂರಲಾಗಲಿಲ್ಲ. ಕೆಳಗೆ ಪ್ಲಾಟ್‌ಫಾರಂ ತುದಿಯಲ್ಲಿ ದೇವೀರಮ್ಮ ಹೊಸ ಸೀರೆ ಉಟ್ಟು ನಿಂತಿದ್ದರು. ಹತ್ತೂಮುಕ್ಕಾಲಾಯಿತು, ರೈಲಿಲ್ಲ. ಹತ್ತು ಐವತ್ತೈದಾಯಿತು, ಇಲ್ಲ. ಅವರು ಗಡಿಯಾರ ನೋಡುವುದು, ಹಳಿ ನೋಡುವುದು. ತುಟಿ ಅಲುಗುತ್ತಿತ್ತು, ಅದೇ ಒಂದು ಮಾತನ್ನು ಅಭ್ಯಾಸ ಮಾಡುತ್ತಿದ್ದರೇನೋ. ಸರಿಯಾಗಿ ಹನ್ನೊಂದು ಹೊಡೆಯಿತು. ಸುತ್ತಲಿದ್ದ ಕುಂಬಾರ ಕೇರಿಯ ಜನ ಮರ್ಯಾದೆಯಿಂದ ಆಚೆ ಮುಖ ಮಾಡಿದರು. ಹನ್ನೊಂದು ಮೂರಕ್ಕೆ ರೈಲು ಬಂತು.

ದೇವೀರಮ್ಮ ತಲೆಯೆತ್ತಿ ಸೇತುವೆಯ ಕಡೆ ನೋಡಿದರು. ನನ್ನನ್ನು ಕಂಡರು. ನಾನು ಮುಖ ತಿರುಗಿಸಲಿಲ್ಲ.

ಡಬ್ಬಿಯ ಬಾಗಿಲಿನಲ್ಲೇ ಚೆಲುವಮ್ಮನನ್ನು ಇಬ್ಬರು ಹೆಂಗಸರು ಹಿಡಿದು ಕೂರಿಸಿದ್ದರು, ಪಟ್ಟು ಹಾಕಿದ ಕಾಲು ಮುಂದಕ್ಕೆ ಚಾಚಿತ್ತು. ಅಕ್ಕ ಹೋಗಿ ಅವಳ ಮುಂದೆ ನಿಂತರು. ಇಬ್ಬರ ದನಿಯೂ ದೊಡ್ಡದು, ನನಗೆ ಚೆನ್ನಾಗಿ ಕೇಳುತ್ತಿತ್ತು.

"ತಪ್ಪಾಯ್ತು ಕಣೇ ಚೆಲುವಿ. ಅವತ್ತು ನಿನ್ನ ಹೊಡೆದ್ನಲ್ಲ."

"ನೀನು ಎಲ್ಲಿ ಹೊಡ್ದೆ? ನಾನಲ್ವೇನಕ್ಕ ಹೊಡ್ದಿದ್ದು! ಬೀದಿ ದಾಟಿದಾಗ ನೋಡ್ಕೊಂಡ್ರೆ ಅಂಗೈ ಉರೀತಿತ್ತು. ತಾಯಿ ಥರ ಸಾಕಿದ ಅಕ್ಕನ ಮೇಲೆ ಕೈ ಮಾಡ್ಬಿಟ್ನಲ್ಲ ಅಂತ ಯಾವ ಮುಖ ಇಟ್ಕೊಂಡು ಬರೀಲಿ?"

"ನನ್ ಅಂಗೈ ಕೆಂಪಾಗಿತ್ತು ಕಣೇ!"

"ನಂದೂ ಕೆಂಪಾಗಿತ್ತು!"

ನಾನೇ ಹೊಡೆದದ್ದು, ಇಲ್ಲ ನಾನೇ ಎಂದು ಇಬ್ಬರೂ ಅಳುತ್ತಲೇ ಜಗಳಕ್ಕೆ ನಿಂತರು. ಎಲ್ಲಿ ಕೆಂಪಾಗಿತ್ತೆಂದು ತೋರಿಸಲು ದೇವೀರಮ್ಮ ಅಂಗೈ ಎತ್ತಿದರು. ಚೆಲುವಮ್ಮ ತನ್ನದನ್ನೂ ಎತ್ತಿ ಅದರ ಮೇಲೆ ತಟ್ಟಿದಳು. ಅಕ್ಕನ ಎಡಗೈ ತಾನಾಗಿಯೇ ಮೇಲೆ ಬಂತು. ತಂಗಿಯ ಎಡಗೈ ಅದಕ್ಕೆ ಬಡಿಯಿತು. ಬಲಕ್ಕೆ ಬಲ, ಎಡಕ್ಕೆ ಎಡ, ನಡುವೆ ಒಂದು ಚಪ್ಪಾಳೆ. ಚಿಕ್ಕ ಹುಡುಗಿಯರು ಜಗಲಿಯ ಮೇಲೆ ಎದುರುಬದುರು ಕುಳಿತು ಆಡುತ್ತಾರಲ್ಲ, ಆ ಆಟ. ಮೊದಲು ಮೆಲ್ಲಗೆ, ಆಮೇಲೆ ಜೋರು, ಇನ್ನೂ ಜೋರು. ಇಬ್ಬರ ಬಾಯಲ್ಲೂ ಒಂದು, ಎರಡು, ಮೂರು ಎಂಬ ಎಣಿಕೆ. ತಪ್ಪಿದವರು ಸೋತರು, ಮತ್ತೆ ಒಂದರಿಂದ. ಅರವತ್ತಕ್ಕೆ ಹತ್ತಿರವಾದ ಹೆಂಗಸರಿಬ್ಬರು ಕಣ್ಣೀರು ಒರೆಸಿಕೊಳ್ಳಲೂ ಕೈ ಬಿಡುವಿಲ್ಲದೆ, ಕೂಗುತ್ತಾ, ನಗುತ್ತಾ ಇಪ್ಪತ್ತು ನಿಮಿಷ ಆಡಿದರು. ಬಳೆಯೊಂದು ಒಡೆದು ಹಳಿಗೆ ಬಿತ್ತು. ಇಪ್ಪತ್ತೆಂಟು ವರ್ಷದ ಹಿಂದಿನ ಆ ಗಂಟೆಯಲ್ಲಿ ಏನು ನಡೆದಿತ್ತೆಂದು ನನಗೆ ಆಗ ತಿಳಿಯಿತು. ನಾನು ಸೇತುವೆಯ ಕಂಬಿ ಹಿಡಿದುಕೊಂಡು ಅತ್ತೆ.

ರೈಲು ಹೊರಟಿತು. ಚೆಲುವಮ್ಮ ಬಾಗಿಲಿನಲ್ಲೇ ಇದ್ದಳು. ಸೇತುವೆ ದಾಟಿದರೆ ಕುಂಬಾರ ಕೇರಿ, ಅಲ್ಲಿಂದ ಮುಂದಿನದು ಅವಳಿಗೆ ನೆನಪಿರುತ್ತದೆ. ನಾನು ಸೇತುವೆಯ ಇನ್ನೊಂದು ಬದಿಗೆ ಓಡಿದೆ. ಡಬ್ಬಿ ಕೆಳಗಿನಿಂದ ಹೊರಬಂದಾಗ ಅವಳು ಕಕ್ಕಾಬಿಕ್ಕಿಯಾಗಿ ಸುತ್ತ ನೋಡುತ್ತಿದ್ದಳು; ಆಮೇಲೆ ತನ್ನ ಅಂಗೈ ನೋಡಿಕೊಂಡು ಮುಖ ಮುಚ್ಚಿಕೊಂಡಳು. ಮತ್ತೆ ಹೊಡೆದೆ ಎಂದುಕೊಂಡಿರಬೇಕು.

"ಚೆಲುವಮ್ಮಾ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. "ಹೊಡೆದಿಲ್ಲ ಕಣಮ್ಮಾ! ಆಟ ಆಡಿದ್ದು! ಇಬ್ರೂ ಚಪ್ಪಾಳೆ ಆಟ ಆಡಿದ್ರಿ! ಅವತ್ತೂ ಅದೇ!"

ಸೇತುವೆಯ ಮೇಲಿದ್ದವರು ಹಾವು ಕಂಡಂತೆ ನನ್ನಿಂದ ಸರಿದು ನಿಂತರು. ಚೆಲುವಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ರೈಲು ತಿರುವಿನಲ್ಲಿ ಮರೆಯಾಗುವವರೆಗೂ ಆ ಕೈಯನ್ನು ಮೇಲೆತ್ತಿ ಹಿಡಿದೇ ಇದ್ದಳು.

ಹನ್ನೆರಡು ಹೊಡೆದ ಮೇಲೆ ಮೆಟ್ಟಿಲಿಳಿದು ಪ್ಲಾಟ್‌ಫಾರಮ್ಮಿಗೆ ಹೋದೆ. ದೇವೀರಮ್ಮ ಬೆಂಚಿನ ಮೇಲೆ ಕುಳಿತು ಖಾಲಿ ಹಳಿಯನ್ನು ನೋಡುತ್ತಿದ್ದರು. ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದರು.

"ರೈಲು ಬಂದುಹೋಯ್ತು ಅಲ್ವಾ?" ಅಂದರು. "ಮತ್ತೆ ಉರೀತಿದೆ ಮಂದಕ್ಕ."

ನಾನು ಪಕ್ಕದಲ್ಲಿ ಕುಳಿತು, ಸ್ಟೇಷನ್ನಿನ ಜನವೆಲ್ಲ ಕೇಳಿಸಿಕೊಳ್ಳುತ್ತಿದ್ದರೂ, ಒಂದು ಮಾತೂ ಬಿಡದೆ ಹೇಳಿದೆ. ಯಾರು ಏನಂದರು, ಯಾರ ಕೈ ಮೊದಲು ಮೇಲೆ ಬಂತು, ಬಳೆ ಹೇಗೆ ಒಡೆಯಿತು, ತಂಗಿ ಹೇಗೆ ನಕ್ಕಳು, ಎಲ್ಲ. ಅವರು ಸೆರಗಿನಿಂದ ಕೈ ಹೊರತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅಂಗೈ ಕೆಂಡದಂತೆ ಕೆಂಪಾಗಿತ್ತು. ಎಡಗೈಯನ್ನೂ ಬಿಚ್ಚಿ ನೋಡಿದರು. ಅದೂ ಕೆಂಪಾಗಿತ್ತು. ಹೊಡೆಯುವವರ ಎರಡೂ ಕೈ ಕೆಂಪಾಗುವುದಿಲ್ಲ ಎಂದು ಇಷ್ಟು ವರ್ಷ ಅವರಿಗೆ ಹೊಳೆದೇ ಇರಲಿಲ್ಲ. ತಪ್ಪು ಮಾಡಿದೆ ಎಂದುಕೊಂಡವರು ಒಂದೇ ಕೈ ನೋಡಿಕೊಳ್ಳುತ್ತಾರೆ.

ಕಣ್ಣೀರು ಎರಡೂ ಅಂಗೈಗಳ ಮೇಲೆ ಬೀಳುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ.

"ಯಾರು ಗೆದ್ರು?" ಅಂದರು ಕಡೆಗೆ.

"ನೀವೇ. ಆದ್ರೆ ಎಣಿಸೋದ್ರಲ್ಲಿ ಮೋಸ ಮಾಡಿದ್ರಿ."

"ಯಾವಾಗ್ಲೂ ಮಾಡ್ತಿದ್ದೆ," ಅಂದರು ದೇವೀರಮ್ಮ. "ಅವಳಿಗೆ ಗೊತ್ತಿತ್ತು."